ಹಿಮಾಚಲದಲ್ಲಿ ಹಿಮ ಬಿದ್ದರೆ ಅಂಧೇರಿಗೆ ಯಾಕೆ ಚಳಿ? ಮುಂಬೈನ ಚಳಿಗಾಲ ಬದಲಾಗಿದ್ದು ಹೀಗೆ

ಬೆಂಗಳೂರಿನಲ್ಲಿ ಇದುವರೆಗೆ ದಾಖಲಾಗಿರುವ ಅತಿ ಕಡಿಮೆ ತಾಪಮಾನ 7.8 ಡಿಗ್ರಿ ಸೆಲ್ಸಿಯಸ್. ಅದು 1884ರ ಜನವರಿ 13ರ ದಾಖಲೆ. ಹಾಗಾದರೆ ಸೆಕೆಯ ಊರೆಂದೇ ಹೆಸರಾದ ಮುಂಬೈನ ದಾಖಲೆ ಎಷ್ಟಿರಬಹುದು? ಹನ್ನೆರಡೋ ಹದಿಮೂರೋ ಇರಬೇಕು ಎಂದುಕೊಂಡರೆ ಅದು ತಪ್ಪು. 1962ರ ಜನವರಿ 22ರಂದು ಮುಂಬೈನ ಸಾಂತಾಕ್ರೂಜ್ ಹವಾಮಾನ ಕೇಂದ್ರದಲ್ಲಿ ಕನಿಷ್ಠ ತಾಪಮಾನ 7.4 ಡಿಗ್ರಿಗೆ ಇಳಿದಿತ್ತು.

ಸಾಂತಾಕ್ರೂಜ್ ಎಂದರೆ ಅಂಧೇರಿಯಿಂದ ಚರ್ಚ್‌ಗೇಟ್ ಕಡೆಗೆ ಹೊರಟ ಲೋಕಲ್ ರೈಲಿನಲ್ಲಿ ಎರಡನೇ ನಿಲ್ದಾಣ. ಅಂದರೆ ದಾಖಲೆಗಳ ಮಟ್ಟಿಗೆ ಬೆಂಗಳೂರು ಎಂದೂ ಕಾಣದಷ್ಟು ಚಳಿಯನ್ನು ಅಂಧೇರಿಯ ಆಸುಪಾಸಿನವರು ಒಮ್ಮೆ ಕಂಡಿದ್ದಾರೆ. ಈಗ ಅದೇ ಜಾಗದಲ್ಲಿ ತಾಪಮಾನ 14 ಡಿಗ್ರಿಗೆ ಇಳಿದರೆ ದೊಡ್ಡ ಸುದ್ದಿಯಾಗುತ್ತದೆ.

ಪ್ರತಿವರ್ಷ ಡಿಸೆಂಬರ್ ಬಂತೆಂದರೆ ಮುಂಬೈ ಕನ್ನಡಿಗರ ಮನೆಗಳಲ್ಲೂ ಅದೇ ಪ್ರಶ್ನೆ: 'ಈ ಸಲ ಥಂಡಿ ಯಾವಾಗ?' ಟಿವಿಯಲ್ಲಿ ಶಿಮ್ಲಾ, ಮನಾಲಿಯ ಹಿಮಪಾತದ ದೃಶ್ಯ ಬಂದ ಕೂಡಲೇ ಪೆಟ್ಟಿಗೆಯೊಳಗಿನ ಸ್ವೆಟರ್ ನೆನಪಾಗುತ್ತದೆ. ಮುಂಬೈಗೂ ಆ ಹಿಮಕ್ಕೂ ನಿಜವಾಗಿ ಸಂಬಂಧವಿದೆಯೇ? ಇದ್ದರೆ ಇತ್ತೀಚೆಗೆ ಚಳಿ ನಾಲ್ಕು ದಿನ ಮುಖ ತೋರಿಸಿ ಮಾಯವಾಗುತ್ತಿರುವುದು ಏಕೆ? ಇಲ್ಲಿದೆ ವಿವರ.

ಅಂಧೇರಿಗೆ ಯಾವ ಕೇಂದ್ರದ ಲೆಕ್ಕ?

ಮುಂಬೈನಲ್ಲಿ ಭಾರತೀಯ ಹವಾಮಾನ ಇಲಾಖೆಯ ಎರಡು ಮುಖ್ಯ ಕೇಂದ್ರಗಳಿವೆ. ಒಂದು ದಕ್ಷಿಣ ತುದಿಯ ಕೊಲಾಬಾದಲ್ಲಿ, ಇನ್ನೊಂದು ಉಪನಗರದ ಸಾಂತಾಕ್ರೂಜ್‌ನಲ್ಲಿ. ಅಂಧೇರಿ, ಜೋಗೇಶ್ವರಿ, ಗೋರೆಗಾಂವ್ ಕಡೆಯವರಿಗೆ ಅನ್ವಯವಾಗುವುದು ಸಾಂತಾಕ್ರೂಜ್‌ನ ಅಂಕಿ.

ಇವೆರಡರ ನಡುವೆ ಚಳಿಗಾಲದ ರಾತ್ರಿಗಳಲ್ಲಿ ಕೆಲವೊಮ್ಮೆ ನಾಲ್ಕೈದು ಡಿಗ್ರಿ ವ್ಯತ್ಯಾಸ ಇರುತ್ತದೆ. ಕೊಲಾಬಾದ ಮೂರು ಕಡೆ ಸಮುದ್ರ. ನೀರು ನಿಧಾನವಾಗಿ ಕಾಯುತ್ತದೆ, ನಿಧಾನವಾಗಿ ತಣಿಯುತ್ತದೆ. ಹಾಗಾಗಿ ರಾತ್ರಿ ಅಲ್ಲಿ ಹೆಚ್ಚು ಚಳಿ ಬೀಳುವುದಿಲ್ಲ. ಸಾಂತಾಕ್ರೂಜ್ ಸಮುದ್ರದಿಂದ ಸ್ವಲ್ಪ ಒಳಗಿದೆ. ನೆಲ ಬೇಗ ತಣ್ಣಗಾಗುತ್ತದೆ. 1962ರ ಅದೇ ದಿನ ಸಾಂತಾಕ್ರೂಜ್‌ನಲ್ಲಿ 7.4 ಡಿಗ್ರಿ ಇದ್ದಾಗ ಕೊಲಾಬಾದಲ್ಲಿ 11.7 ಡಿಗ್ರಿ ಇತ್ತು. ಕೊಲಾಬಾದ ಸಾರ್ವಕಾಲಿಕ ಕನಿಷ್ಠವೂ ಅದೇ.

ಮೊಬೈಲ್ ಆ್ಯಪ್ ತೋರಿಸುವ ಅಂಕಿಗೂ ಇಲಾಖೆಯ ಅಂಕಿಗೂ ತಾಳೆಯಾಗದಿರುವುದು ಸಾಮಾನ್ಯ. ಇಲಾಖೆ ತಾಪಮಾನ ಅಳೆಯುವುದು ಬಿಸಿಲು ತಾಗದ, ಗಾಳಿಯಾಡುವ ಪೆಟ್ಟಿಗೆಯೊಳಗೆ, ನೆಲದಿಂದ ನಿರ್ದಿಷ್ಟ ಎತ್ತರದಲ್ಲಿ. ಹಲವು ಆ್ಯಪ್‌ಗಳು ಕಂಪ್ಯೂಟರ್ ಮಾದರಿಯ ಅಂದಾಜನ್ನು ತೋರಿಸುತ್ತವೆ. ದಾಖಲೆ ಎಂದು ಪರಿಗಣಿಸುವುದು ಇಲಾಖೆಯ ಅಂಕಿಯನ್ನೇ.

ಜನವರಿಯಲ್ಲಿ ಸಾಂತಾಕ್ರೂಜ್‌ನ ವಾಡಿಕೆಯ ಕನಿಷ್ಠ ತಾಪಮಾನ ಸುಮಾರು 17 ಡಿಗ್ರಿ, ಗರಿಷ್ಠ ಸುಮಾರು 31 ಡಿಗ್ರಿ. ಬಯಲು ಸೀಮೆಯಲ್ಲಿ ಕನಿಷ್ಠ ತಾಪಮಾನ 10 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆಯಾದರೆ ಮಾತ್ರ ಶೀತಗಾಳಿಯ ಪ್ರಶ್ನೆ ಬರುತ್ತದೆ. ಕರಾವಳಿಗೆ ಬೇರೆ ಮಾನದಂಡವಿದೆ. ಕನಿಷ್ಠ ತಾಪಮಾನ 15 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ ಇದ್ದು, ವಾಡಿಕೆಗಿಂತ ಕನಿಷ್ಠ 4.5 ಡಿಗ್ರಿ ಇಳಿದಿದ್ದರೆ ಸಾಕು. ಕರಾವಳಿಯ ಜನರಿಗೆ ಅಷ್ಟು ಚಳಿಯೇ ಕಷ್ಟ ಎಂಬುದು ಇದರ ಹಿಂದಿನ ಲೆಕ್ಕಾಚಾರ.

ಚಳಿ ಹುಟ್ಟುವುದು ಮುಂಬೈನಲ್ಲಿ ಅಲ್ಲ

ಮುಂಬೈ ತನ್ನಷ್ಟಕ್ಕೆ ತಾನೇ ಹೆಚ್ಚು ತಣ್ಣಗಾಗುವ ಊರಲ್ಲ. ಪಕ್ಕದಲ್ಲಿ ಅರಬ್ಬಿ ಸಮುದ್ರ ಇರುವುದರಿಂದ ಇಲ್ಲಿನ ಚಳಿ ಬಹುಮಟ್ಟಿಗೆ ಉತ್ತರದಿಂದ ಬಂದ ಚಳಿ.

ಚಳಿಗಾಲದಲ್ಲಿ ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ಹೊರಟ ಹವಾಮಾನ ವ್ಯವಸ್ಥೆಗಳು ಇರಾನ್, ಅಫ್ಘಾನಿಸ್ತಾನ, ಪಾಕಿಸ್ತಾನ ದಾಟಿ ಹಿಮಾಲಯ ತಲುಪುತ್ತವೆ. ಇವುಗಳಿಗೆ 'ವೆಸ್ಟರ್ನ್ ಡಿಸ್ಟರ್ಬೆನ್ಸ್' ಎಂದು ಹೆಸರು. ಕಾಶ್ಮೀರ, ಹಿಮಾಚಲ, ಉತ್ತರಾಖಂಡದಲ್ಲಿ ಚಳಿಗಾಲದಲ್ಲಿ ಹಿಮ ಸುರಿಸುವುದು ಇವೇ.

ಹಿಮ ಬೀಳುತ್ತಿರುವ ದಿನವೇ ಮುಂಬೈನಲ್ಲಿ ಚಳಿ ಹೆಚ್ಚುವುದಿಲ್ಲ. ಈ ವ್ಯವಸ್ಥೆ ಹತ್ತಿರ ಬರುವಾಗ ಮೋಡ ಕವಿಯುತ್ತದೆ, ಗಾಳಿಯ ದಿಕ್ಕು ಬದಲಾಗುತ್ತದೆ, ರಾತ್ರಿ ಬೆಚ್ಚಗಾಗುವುದೂ ಉಂಟು. ಅದು ಪೂರ್ವಕ್ಕೆ ಸರಿದ ಮೇಲೆ ಹಿಂದಿನಿಂದ ಒಣ, ತಣ್ಣನೆಯ ಗಾಳಿ ದಕ್ಷಿಣಕ್ಕೆ ನುಗ್ಗುತ್ತದೆ. ಹಿಮ ಹೊದ್ದ ಬೆಟ್ಟಗಳು ಬಿಸಿಲನ್ನು ವಾಪಸ್ ಕಳಿಸುವುದರಿಂದ ಅಲ್ಲಿನ ಗಾಳಿ ಇನ್ನಷ್ಟು ದಿನ ತಣ್ಣಗಿರುತ್ತದೆ. ಅದೇ ಗಾಳಿ ಪಂಜಾಬ್, ರಾಜಸ್ಥಾನ, ಗುಜರಾತ್ ಹಾದು ಮುಂಬೈಗೆ ಬರುತ್ತದೆ. ಶಿಮ್ಲಾದಿಂದ ಮುಂಬೈಗೆ ನೇರ ದೂರವೇ ಸುಮಾರು 1,400 ಕಿ.ಮೀ. ಹಾಗಾಗಿ ಅಲ್ಲಿ ಹಿಮ ನಿಂತ ಎರಡು ಮೂರು ದಿನಗಳ ನಂತರ ಇಲ್ಲಿ ಚಳಿ.

ಈ ದಾರಿ ಕಣ್ಣಿಗೆ ಕಂಡ ಉದಾಹರಣೆಯೂ ಇದೆ. 2022ರ ಜನವರಿಯಲ್ಲಿ ಪಾಕಿಸ್ತಾನದ ಕಡೆಯಿಂದ ಎದ್ದ ಧೂಳು ಗುಜರಾತ್ ದಾಟಿ ಮುಂಬೈಗೆ ಬಂದಿತ್ತು. ನಿಲ್ಲಿಸಿದ್ದ ಕಾರುಗಳ ಮೇಲೆ ಬಿಳಿ ಪುಡಿ ಕೂತಿತ್ತು. ಅದೇ ಹೊತ್ತಿಗೆ ತಾಪಮಾನವೂ ಇಳಿದಿತ್ತು. ಧೂಳು ಬಂದ ದಾರಿಯೇ ಚಳಿ ಬರುವ ದಾರಿ.

ಐದೇ ದಿನದಲ್ಲಿ ಬೇಸಿಗೆಯಿಂದ ಚಳಿಗಾಲಕ್ಕೆ

ಉತ್ತರದ ಗಾಳಿಗೆ ದಾರಿ ಸದಾ ತೆರೆದಿರುವುದಿಲ್ಲ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಬಂಗಾಳಕೊಲ್ಲಿಯಲ್ಲಿ ಚಂಡಮಾರುತ, ವಾಯುಭಾರ ಕುಸಿತ ಸಾಮಾನ್ಯ. ಅವು ಎದ್ದಾಗ ಪೂರ್ವದಿಂದ ತೇವದ ಗಾಳಿ ಬೀಸುತ್ತದೆ, ಮೋಡ ಕವಿಯುತ್ತದೆ. ಮೋಡ ಕಂಬಳಿಯಿದ್ದಂತೆ. ಹಗಲು ಕಾದ ನೆಲದ ಶಾಖ ರಾತ್ರಿ ಆಕಾಶಕ್ಕೆ ಹೋಗಲು ಬಿಡುವುದಿಲ್ಲ.

2024ರ ಡಿಸೆಂಬರ್ ಇದಕ್ಕೆ ಒಳ್ಳೆಯ ಉದಾಹರಣೆ. ನವೆಂಬರ್ 30ರಂದು ಪುದುಚೇರಿ ಬಳಿ ದಡ ದಾಟಿದ ಫೆಂಗಲ್ ಚಂಡಮಾರುತ ದುರ್ಬಲಗೊಂಡು ಪಶ್ಚಿಮಕ್ಕೆ ಸರಿಯಿತು. ಡಿಸೆಂಬರ್ 4ರಂದು ಸಾಂತಾಕ್ರೂಜ್‌ನಲ್ಲಿ ಗರಿಷ್ಠ ತಾಪಮಾನ 37.3 ಡಿಗ್ರಿ ಮುಟ್ಟಿತು. ಡಿಸೆಂಬರ್ ತಿಂಗಳಲ್ಲಿ ಅಷ್ಟು ಸೆಕೆ 16 ವರ್ಷಗಳಲ್ಲಿ ಇರಲಿಲ್ಲ. ಗಾಳಿ ಉತ್ತರಕ್ಕೆ ತಿರುಗಿದ ಮೇಲೆ ಡಿಸೆಂಬರ್ 9ರ ಬೆಳಿಗ್ಗೆ ಅದೇ ಕೇಂದ್ರದಲ್ಲಿ ಕನಿಷ್ಠ ತಾಪಮಾನ 13.7 ಡಿಗ್ರಿ. ಡಿಸೆಂಬರ್‌ನ ಮಟ್ಟಿಗೆ ಒಂಬತ್ತು ವರ್ಷಗಳಲ್ಲೇ ಅತಿ ಕಡಿಮೆ!

ಐದು ದಿನದೊಳಗೆ ಹೊಸ ಸೆಕೆ, ಹೊಸ ಚಳಿ. ಹೊಯ್ದಾಟ ಮುಂಬೈನ ಚಳಿಗಾಲಕ್ಕೆ ಹೊಸದಲ್ಲ. ಆದರೆ ಒಮ್ಮೆ ಬಂದ ಚಳಿ ವಾರಗಟ್ಟಲೆ ನಿಲ್ಲುವ ಬದಲು ತುಣುಕು ತುಣುಕಾಗಿ ಬರುತ್ತಿದೆ ಎಂಬುದೇ ಈಗಿನ ಅನುಭವ.

ದಾಖಲೆಗಳು ಏನು ಹೇಳುತ್ತವೆ?

ಸಾಂತಾಕ್ರೂಜ್ ಕೇಂದ್ರದ ಕೆಲವು ಅಂಕಿಗಳನ್ನು ಒಟ್ಟಿಗೆ ಇಟ್ಟು ನೋಡಬಹುದು.

1962 ಜನವರಿ 22: 7.4 ಡಿಗ್ರಿ. ಸಾರ್ವಕಾಲಿಕ ಕನಿಷ್ಠ.
2012 ಫೆಬ್ರವರಿ 9: 8.8 ಡಿಗ್ರಿ.
2020 ಜನವರಿ 17: 11.4 ಡಿಗ್ರಿ.
2024 ಡಿಸೆಂಬರ್ 9: 13.7 ಡಿಗ್ರಿ.

ಇವು ಆಯ್ದ ದಿನಗಳ ಅಂಕಿಗಳು. ಇಷ್ಟರಿಂದಲೇ ಚಳಿ ಸತತವಾಗಿ ಇಳಿಯುತ್ತಿದೆ ಎಂದು ತೀರ್ಮಾನಿಸಲು ಆಗದು. 2012ರಲ್ಲೂ ತಾಪಮಾನ ಒಂದಂಕಿಗೆ ಇಳಿದಿತ್ತು ಎಂಬುದನ್ನು ಮರೆಯಬಾರದು. ಹಾಗೆಯೇ ಹಿಂದೆ ಸೆಕೆ ಇರಲಿಲ್ಲ ಎಂದೂ ಅಲ್ಲ. ಫೆಬ್ರವರಿಯಲ್ಲಿ ಮುಂಬೈ ಕಂಡ ಅತಿ ಹೆಚ್ಚು ತಾಪಮಾನ 39.6 ಡಿಗ್ರಿ. ಅದು 1966ರ ಫೆಬ್ರವರಿ 25ರ ದಾಖಲೆ, ಇಂದಿಗೂ ಮುರಿದಿಲ್ಲ.

ಆದರೆ ದೇಶದ ಒಟ್ಟು ಚಿತ್ರ ಸ್ಪಷ್ಟವಾಗಿದೆ. 1901ರಿಂದ ಲೆಕ್ಕ ಹಾಕಿದರೆ ಭಾರತದ ಅತಿ ಬಿಸಿಯ ವರ್ಷ 2024. ಅತಿ ಬಿಸಿಯ ಫೆಬ್ರವರಿ 2025ರದ್ದು. ಎರಡೂ ಹವಾಮಾನ ಇಲಾಖೆಯದೇ ಅಂಕಿಗಳು. ಜಗತ್ತಿನ ಬಹುತೇಕ ಭೂಭಾಗದಲ್ಲಿ ಅತಿ ಚಳಿಯ ದಿನಗಳು ಕಡಿಮೆಯಾಗುತ್ತಿವೆ ಎಂದು ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿ 2021ರ ವರದಿಯಲ್ಲಿ ಹೇಳಿದೆ.

ಅಂಧೇರಿಯ ನೆಲವೇ ಬದಲಾಗಿದೆ

1962ರ ಅಂಧೇರಿಗೂ ಇಂದಿನ ಅಂಧೇರಿಗೂ ಹೋಲಿಕೆಯೇ ಇಲ್ಲ. ಪೂರ್ವ ಭಾಗಕ್ಕೆ ಸೀಪ್ಝ್ ಬಂದದ್ದು 1973ರಲ್ಲಿ. ಪಶ್ಚಿಮದಲ್ಲಿ ಲೋಖಂಡ್‌ವಾಲಾ ಬಡಾವಣೆ ಎದ್ದದ್ದು 1980ರ ದಶಕದಲ್ಲಿ, ಜವುಗು ನೆಲದ ಮೇಲೆ. ವರ್ಸೋವಾ–ಅಂಧೇರಿ–ಘಾಟ್ಕೋಪರ್ ಮೆಟ್ರೋ ಓಡಲು ಶುರುವಾದದ್ದು 2014ರಲ್ಲಿ. ನಡುವೆ ಎದ್ದ ಕಟ್ಟಡಗಳಿಗೆ ಲೆಕ್ಕವಿಲ್ಲ. ಹಿಂದೆ ದೂರಕ್ಕೂ ಕಾಣುತ್ತಿದ್ದ ಗಿಲ್ಬರ್ಟ್ ಹಿಲ್ ಎಂಬ ಕಪ್ಪುಶಿಲೆಯ ಗುಡ್ಡ ಈಗ ಬಹುಮಹಡಿಗಳ ನಡುವೆ ಅಡಗಿದೆ.

ಮಣ್ಣು, ಮರ, ಜವುಗು ಇರುವ ಕಡೆ ಸೂರ್ಯ ಮುಳುಗಿದ ಕೂಡಲೇ ನೆಲ ತಣಿಯತೊಡಗುತ್ತದೆ. ಕಾಂಕ್ರೀಟ್ ಮತ್ತು ಡಾಂಬರು ಹಾಗಲ್ಲ. ಹಗಲೆಲ್ಲ ಹೀರಿಕೊಂಡ ಶಾಖವನ್ನು ಅವು ರಾತ್ರಿ ನಿಧಾನವಾಗಿ ಹೊರಬಿಡುತ್ತವೆ. ಎತ್ತರದ ಕಟ್ಟಡಗಳ ನಡುವೆ ಗಾಳಿಯೂ ಆಡುವುದಿಲ್ಲ. ಎಸಿಗಳು ಮನೆಯೊಳಗಿನ ಬಿಸಿಯನ್ನು ಬೀದಿಗೆ ಸುರಿಯುತ್ತವೆ. ಚಳಿಯನ್ನು ಅಳೆಯುವುದು ಬೆಳಗಿನ ಜಾವದ ಕನಿಷ್ಠ ತಾಪಮಾನದಿಂದ. ಆದ್ದರಿಂದ ನಗರ ಬೆಳೆದ ಪರಿಣಾಮ ಮೊದಲು ಕಾಣಿಸುವುದು ಚಳಿಗಾಲದ ರಾತ್ರಿಗಳಲ್ಲೇ.

ಇದನ್ನು ಪರೀಕ್ಷಿಸಲು ಥರ್ಮಾಮೀಟರ್ ಬೇಕಿಲ್ಲ. ಜನವರಿಯ ಒಂದು ಬೆಳಿಗ್ಗೆ ಆರು ಗಂಟೆಗೆ ಅಂಧೇರಿ ಸ್ಟೇಷನ್ ಹೊರಗೆ ನಿಂತು, ಅಲ್ಲಿಂದ ರಿಕ್ಷಾ ಹಿಡಿದು ಆರೆ ಕಾಲೋನಿಯ ಮರಗಳ ನಡುವಿನ ರಸ್ತೆಗೆ ಹೋದರೆ ವ್ಯತ್ಯಾಸ ಮೈಗೇ ತಿಳಿಯುತ್ತದೆ. ಪಕ್ಕದಲ್ಲೇ ನೂರು ಚದರ ಕಿ.ಮೀ.ಗಿಂತ ಹೆಚ್ಚು ವಿಸ್ತಾರದ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನ ಇರುವುದರಿಂದಲೇ ಆ ಭಾಗಕ್ಕೆ ಇನ್ನೂ ಸ್ವಲ್ಪ ಚಳಿ ಉಳಿದಿದೆ.

ಸಮುದ್ರವೂ ಸುಮ್ಮನಿಲ್ಲ. 1950ರಿಂದ 2020ರ ನಡುವೆ ಹಿಂದೂ ಮಹಾಸಾಗರದ ಮೇಲ್ಮೈ ನೀರು ದಶಕಕ್ಕೆ ಸುಮಾರು 0.12 ಡಿಗ್ರಿಯಂತೆ ಬಿಸಿಯಾಗಿದೆ ಎಂದು ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿ ರಾಕ್ಸಿ ಮ್ಯಾಥ್ಯೂ ಕೋಲ್ ಅವರ ತಂಡ ಲೆಕ್ಕ ಹಾಕಿದೆ. ಅರಬ್ಬಿ ಸಮುದ್ರವೂ ಇದರ ಭಾಗ. ಪಕ್ಕದ ನೀರು ಬೆಚ್ಚಗಾದಷ್ಟೂ ದಡದ ರಾತ್ರಿ ಬೆಚ್ಚಗಾಗುತ್ತದೆ.

ಹಿಮವೇ ಕಡಿಮೆಯಾದರೆ?

ಚಳಿ ಹೊರಡುವ ಜಾಗದ ಸುದ್ದಿಯೂ ಒಳ್ಳೆಯದಿಲ್ಲ. 2024ರ ಜನವರಿ ಮೊದಲಾರ್ಧದಲ್ಲಿ ಸ್ಕೀಯಿಂಗ್‌ಗೆ ಹೆಸರಾದ ಕಾಶ್ಮೀರದ ಗುಲ್ಮಾರ್ಗ್ ಹಿಮವಿಲ್ಲದೆ ಬರಿದಾಗಿತ್ತು. ಪ್ರವಾಸಿಗರು ಒಣಹುಲ್ಲಿನ ಮೇಲೆ ನಿಂತು ಫೋಟೋ ತೆಗೆಸಿಕೊಂಡರು. ಹಿಮ ಬಂದದ್ದು ತಿಂಗಳ ಕೊನೆಯಲ್ಲಿ.

ಕಠ್ಮಂಡುವಿನ ಪರ್ವತ ಅಭಿವೃದ್ಧಿ ಸಂಸ್ಥೆ ಐಸಿಮೋಡ್ ಪ್ರತಿವರ್ಷ ಹಿಂದೂಕುಶ್–ಹಿಮಾಲಯದ ಹಿಮದ ಲೆಕ್ಕ ಇಡುತ್ತದೆ. ಬಿದ್ದ ಹಿಮ ನೆಲದ ಮೇಲೆ ಎಷ್ಟು ಕಾಲ ಉಳಿಯುತ್ತದೆ ಎಂಬುದು ಅದರ ಅಳತೆ. 2024–25ರ ಚಳಿಗಾಲದಲ್ಲಿ ಇದು ವಾಡಿಕೆಗಿಂತ ಶೇ 23.6ರಷ್ಟು ಕಡಿಮೆ, 23 ವರ್ಷಗಳಲ್ಲೇ ಕನಿಷ್ಠ. ಸತತ ಮೂರನೇ ವರ್ಷ ಇಳಿಕೆ.

ಹಿಮ ಕಡಿಮೆಯಾದ ವರ್ಷ ಮುಂಬೈಗೆ ಚಳಿಯೇ ಬರುವುದಿಲ್ಲ ಎಂದಲ್ಲ. ಉತ್ತರದ ಒಣಗಾಳಿ ಹಿಮವಿಲ್ಲದೆಯೂ ಬೀಸಬಹುದು. ಆದರೆ ಹಿಮಾಲಯಕ್ಕೆ ಬರುವ ವ್ಯವಸ್ಥೆಗಳು ತಡವಾದರೆ, ದುರ್ಬಲವಾದರೆ, ಅವುಗಳ ಹಿಂದೆ ಬರಬೇಕಾದ ಗಾಳಿಯ ವೇಳಾಪಟ್ಟಿಯೂ ಏರುಪೇರಾಗುತ್ತದೆ.

ಶಿವರಾತ್ರಿಗೇ ಬಿಸಿಗಾಳಿ

ಶಿವರಾತ್ರಿಗೆ ಚಳಿ 'ಶಿವ ಶಿವ' ಎಂದು ಓಡಿಹೋಗುತ್ತದೆ ಎಂಬುದು ಕನ್ನಡಿಗರ ಹಳೆಯ ಮಾತು. ಅಂದರೆ ಅಲ್ಲಿಯವರೆಗೂ ಚಳಿ ಇರಬೇಕು, ಅಲ್ಲಿಂದ ನಿಧಾನವಾಗಿ ಬಿಸಿಲು ಏರಬೇಕು.

2025ರಲ್ಲಿ ಮಹಾಶಿವರಾತ್ರಿ ಬಂದದ್ದು ಫೆಬ್ರವರಿ 26ರಂದು. ಅದರ ಹಿಂದಿನ ದಿನ ಸಾಂತಾಕ್ರೂಜ್‌ನಲ್ಲಿ 38.7 ಡಿಗ್ರಿ ದಾಖಲಾಯಿತು. ವಾಡಿಕೆಗಿಂತ ಸುಮಾರು 6 ಡಿಗ್ರಿ ಹೆಚ್ಚು. ಫೆಬ್ರವರಿ 25 ಮತ್ತು 26ಕ್ಕೆ ಹವಾಮಾನ ಇಲಾಖೆ ಮುಂಬೈಗೆ ಬಿಸಿಗಾಳಿಯ ಯೆಲ್ಲೋ ಅಲರ್ಟ್ ಕೊಟ್ಟಿತ್ತು. ಕರಾವಳಿಯಲ್ಲಿ ಗರಿಷ್ಠ ತಾಪಮಾನ 37 ಡಿಗ್ರಿ ದಾಟಿ, ವಾಡಿಕೆಗಿಂತ 4.5 ಡಿಗ್ರಿ ಅಥವಾ ಹೆಚ್ಚು ಏರಿದರೆ ಅದು ಬಿಸಿಗಾಳಿ. ಇಲಾಖೆಯ ಪಟ್ಟಿಯಲ್ಲಿ ಜನವರಿ–ಫೆಬ್ರವರಿ ಇಂದಿಗೂ ಚಳಿಗಾಲದ ತಿಂಗಳುಗಳು. ಚಳಿಗಾಲದ ತಿಂಗಳಲ್ಲೇ ಬಿಸಿಗಾಳಿ!

ಇದಕ್ಕೆ ಸ್ಥಳೀಯ ಕಾರಣವೂ ಇದೆ. ಮುಂಬೈಯನ್ನು ಮಧ್ಯಾಹ್ನ ತಂಪು ಮಾಡುವುದು ಪಶ್ಚಿಮದಿಂದ ಬೀಸುವ ಕಡಲಗಾಳಿ. ಪೂರ್ವದ ಗಾಳಿ ಜೋರಾಗಿದ್ದರೆ ಅದು ಕಡಲಗಾಳಿಯನ್ನು ತಡೆದು ನಿಲ್ಲಿಸುತ್ತದೆ. ಕಡಲಗಾಳಿ ಎರಡು ಮೂರು ಗಂಟೆ ತಡವಾದರೂ ಸಾಕು, ಅಷ್ಟರಲ್ಲಿ ಊರು ಕಾದುಹೋಗಿರುತ್ತದೆ.

ಚಳಿ ಕಡಿಮೆಯಾದರೆ ನಷ್ಟ ಯಾರಿಗೆ?

ಮೊದಲ ಏಟು ಮಾವಿಗೆ. ರತ್ನಾಗಿರಿ, ದೇವಗಡದ ಹಾಪುಸ್ ಮರ ಹೂ ಬಿಡಲು ನವೆಂಬರ್, ಡಿಸೆಂಬರ್‌ನಲ್ಲಿ ತಂಪಾದ ರಾತ್ರಿಗಳು ಬೇಕು. ಚಳಿ ತಡವಾದರೆ ಹೂ ತಡ. ಹೂ ಬಿಟ್ಟ ಮೇಲೆ ಏಕಾಏಕಿ ಬಿಸಿಲೇರಿದರೆ ಹೂ ಒಣಗುತ್ತದೆ, ಮಿಡಿ ಉದುರುತ್ತದೆ. ವಾಶಿಯ ಎಪಿಎಂಸಿಗೆ ಪೆಟ್ಟಿಗೆ ಕಡಿಮೆ ಬಂದರೆ ಅಂಧೇರಿ ಮಾರುಕಟ್ಟೆಯಲ್ಲಿ ಡಜನ್ ಬೆಲೆ ಏರುತ್ತದೆ. ಹಾಪುಸ್ ಬೆಳೆಯುವ ಧಾರವಾಡದ ರೈತರಿಗೂ ಇದು ಹೊಸ ಪಾಠವಲ್ಲ.

ಅಂಧೇರಿ ಪಶ್ಚಿಮದ ವರ್ಸೋವಾ ಕೋಳಿವಾಡದಲ್ಲಿ ಬಿದಿರಿನ ಚೌಕಟ್ಟಿಗೆ ಬೊಂಬಿಲ್ ಮೀನು ನೇತುಹಾಕಿ ಒಣಗಿಸುತ್ತಾರೆ. ಅದಕ್ಕೆ ಬೇಕಿರುವುದು ಒಣಗಾಳಿ ಮತ್ತು ಹದವಾದ ಬಿಸಿಲು. ಚಳಿಗಾಲದಲ್ಲಿ ಅಕಾಲಿಕ ಮಳೆ ಬಂದರೆ ಒಣಗಲು ಹಾಕಿದ ಮೀನು ಹಾಳು. 2017ರ ಡಿಸೆಂಬರ್‌ನಲ್ಲಿ ಓಖಿ ಚಂಡಮಾರುತದ ಪರಿಣಾಮ ಮುಂಬೈಗೆ ಹೀಗೇ ಮಳೆ ಸುರಿದಿತ್ತು.

ಸ್ವೆಟರ್ ಮಾರುವವರ ಲೆಕ್ಕವೂ ಇದೆ. ಕರ್ನಾಟಕದ ಮುಂಡಗೋಡ, ಬೈಲಕುಪ್ಪೆಯ ಟಿಬೆಟನ್ ಶಿಬಿರಗಳಿಂದ ಅನೇಕರು ಚಳಿಗಾಲದಲ್ಲಿ ಊರೂರಿಗೆ ಹೋಗಿ ಸ್ವೆಟರ್ ಮಾರುತ್ತಾರೆ. ಅವರ ದುಡಿಮೆ ಎಲ್ಲವೂ ಎರಡು ಮೂರು ತಿಂಗಳಿನದು. ಚಳಿ ನಾಲ್ಕು ದಿನಕ್ಕೆ ಮುಗಿದರೆ ಸರಕು ಹಾಗೇ ಉಳಿಯುತ್ತದೆ.

ಎಲ್ಲಕ್ಕಿಂತ ಹೆಚ್ಚಿನ ಹೊರೆ ಮೈಮುರಿದು ದುಡಿಯುವವರ ಮೇಲೆ. ಕಟ್ಟಡ ಕಾರ್ಮಿಕರು, ಡೆಲಿವರಿ ಹುಡುಗರು, ಹಗಲಿಡೀ ಸಿಗ್ನಲ್‌ನಲ್ಲಿ ನಿಲ್ಲುವ ಸಂಚಾರ ಪೊಲೀಸರು, ಹೋಟೆಲ್ ಅಡುಗೆಮನೆಯ ಒಲೆ ಮುಂದೆ ನಿಂತ ಕರಾವಳಿಯ ಕೆಲಸಗಾರರು, ಇವರಿಗೆಲ್ಲ ವರ್ಷದಲ್ಲಿ ಮೈ ತಣಿಯುವ ಕಾಲ ಎಂದರೆ ಇದೊಂದೇ. ಅಕ್ಟೋಬರ್ ಬಿಸಿಲು ಡಿಸೆಂಬರ್‌ವರೆಗೆ ಎಳೆದು, ಮಾರ್ಚ್ ಬಿಸಿಲು ಫೆಬ್ರವರಿಗೇ ಬಂದರೆ ಆ ಬಿಡುವು ಎರಡೂ ಕಡೆಯಿಂದ ಕತ್ತರಿಸಿಹೋಗುತ್ತದೆ.

ಇನ್ನೊಂದು ಮುಖ ಗಾಳಿಯದು. ಚಳಿಯ ಬೆಳಿಗ್ಗೆ ನೆಲಕ್ಕೆ ಹತ್ತಿರದ ತಣ್ಣನೆಯ ಗಾಳಿ ಮೇಲೇರದೆ ನಿಲ್ಲುತ್ತದೆ. ಕಟ್ಟಡ ಕಾಮಗಾರಿಯ ಧೂಳು, ವಾಹನದ ಹೊಗೆ ಅದರಲ್ಲೇ ಸಿಕ್ಕಿಕೊಳ್ಳುತ್ತದೆ. ಕಡಲಗಾಳಿ ಜೋರಾಗಿ ಬೀಸಿದರೆ ಮಾತ್ರ ಊರು ಸ್ವಚ್ಛವಾಗುತ್ತದೆ. ಅಂಧೇರಿಯಲ್ಲಿ ಬೆಳಗಿನ ಮಬ್ಬನ್ನು ಮಂಜು ಎಂದುಕೊಂಡು ವಾಕಿಂಗ್ ಹೊರಡುವ ಮುನ್ನ ವಾಯು ಗುಣಮಟ್ಟ ಸೂಚ್ಯಂಕ ನೋಡುವುದು ಒಳ್ಳೆಯದು. ಆಸ್ತಮಾ ಇರುವವರು, ಹಿರಿಯರು ಬಿಸಿಲು ಬಂದ ಮೇಲೆ ಹೊರಡುವುದು ಕ್ಷೇಮ.

ಚಳಿ ಬರುತ್ತಿದೆ ಎಂದು ತಿಳಿಯುವುದು ಹೇಗೆ?

ಕೆಲವು ಸೂಚನೆಗಳನ್ನು ಗಮನಿಸಿದರೆ ಅಂಧೇರಿಯವರೂ ಎರಡು ದಿನ ಮೊದಲೇ ಊಹಿಸಬಹುದು.

- ಹಿಮಾಚಲ, ಕಾಶ್ಮೀರದಲ್ಲಿ ಹಿಮಪಾತ ಮುಗಿದು ಆಕಾಶ ತಿಳಿಯಾಗಿದೆಯೇ ನೋಡಿ. ಹಿಮ ಬೀಳುವ ದಿನಕ್ಕಿಂತ ಅದು ನಿಂತ ನಂತರದ ದಿನಗಳೇ ಮುಂಬೈಗೆ ಮುಖ್ಯ.
- ಗುಜರಾತ್‌ನ ಕಛ್‌ನಲ್ಲಿರುವ ನಲಿಯಾ, ನಾಸಿಕ್ ಜಿಲ್ಲೆಯ ನಿಫಾಡ್‌ನ ಕನಿಷ್ಠ ತಾಪಮಾನ ಗಮನಿಸಿ. ಅಲ್ಲಿ ಏಕಾಏಕಿ ಇಳಿದರೆ ಇಲ್ಲೂ ಇಳಿಯುವ ಸಾಧ್ಯತೆ ಹೆಚ್ಚು.
- ತುಟಿ ಒಡೆಯುವುದು, ಬಟ್ಟೆ ಬೇಗ ಒಣಗುವುದು ಉತ್ತರದ ಒಣಗಾಳಿ ಬಂದ ಲಕ್ಷಣ. ಬೆವರು ಆರದಿದ್ದರೆ ಚಳಿ ಇನ್ನೂ ದೂರ.
- ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿತ ಇದ್ದರೆ ಸ್ವೆಟರ್ ತೆಗೆಯಲು ಅವಸರ ಬೇಡ.
- ರಾತ್ರಿ ಮೋಡವಿಲ್ಲದೆ ನಕ್ಷತ್ರ ಕಾಣುತ್ತಿದ್ದರೆ ಬೆಳಗಿನ ಜಾವ ಚಳಿ ಹೆಚ್ಚು.

ಹಿಮವನ್ನೇ ನೆನಪಿಸುವ ದೃಶ್ಯ ಬೇಕಿದ್ದರೆ ದೂರ ಹೋಗಬೇಕಿಲ್ಲ. ಮಹಾಬಲೇಶ್ವರದ ವೆಣ್ಣಾ ಕೆರೆಯ ಬಳಿ ಚಳಿ ಜೋರಾದ ವರ್ಷ ಇಬ್ಬನಿ ಹೆಪ್ಪುಗಟ್ಟಿ ಹುಲ್ಲು, ಸ್ಟ್ರಾಬೆರಿ ಎಲೆ ಬೆಳ್ಳಗಾಗುವುದುಂಟು. ಅದು ಆಕಾಶದಿಂದ ಬಿದ್ದ ಹಿಮವಲ್ಲ, ನೆಲದಲ್ಲೇ ಗಡ್ಡೆಕಟ್ಟಿದ ಇಬ್ಬನಿ.

ಮುಂದೇನು?

ಮುಂಬೈ ಪಾಲಿಕೆ 2022ರ ಮಾರ್ಚ್‌ನಲ್ಲಿ ಹವಾಮಾನ ಕ್ರಿಯಾ ಯೋಜನೆ ಪ್ರಕಟಿಸಿದೆ. ನಗರದ ಶಾಖ ಇಳಿಸುವುದು, ಹಸಿರು ಹೆಚ್ಚಿಸುವುದು ಅದರ ಗುರಿಗಳಲ್ಲಿ ಸೇರಿವೆ. ಹಿಮಾಲಯದ ಹಿಮವನ್ನು ಅಂಧೇರಿಯವರು ಹೆಚ್ಚಿಸಲಾರರು. ಆದರೆ ಬಂದ ತಂಪುಗಾಳಿ ರಾತ್ರಿಯಿಡೀ ಉಳಿಯುವಂತೆ ಮರ, ಮಣ್ಣು, ಕಾಂಡ್ಲಾ ಕಾಡು ಉಳಿಸಿಕೊಳ್ಳುವುದು ಇಲ್ಲಿಯವರ ಕೈಯಲ್ಲೇ ಇದೆ.

ಅಲ್ಲಿಯವರೆಗೆ ಮಾಡಬಹುದಾದದ್ದು ಸರಳ. ಫೆಬ್ರವರಿ ಎಂದರೆ ಚಳಿಗಾಲ ಎಂಬ ಹಳೆಯ ಲೆಕ್ಕ ಬಿಡುವುದು. ಬಿಸಿಗಾಳಿಯ ಎಚ್ಚರಿಕೆ ಬಂದ ದಿನ ಮಧ್ಯಾಹ್ನ 12ರಿಂದ 3ರವರೆಗೆ ಹೊರಗಿನ ಕೆಲಸ ತಪ್ಪಿಸುವುದು, ಬಾಗಿಲಿಗೆ ಬಂದ ಡೆಲಿವರಿ ಹುಡುಗನಿಗೆ ಒಂದು ಲೋಟ ನೀರು ಕೊಡುವುದು. ಮತ್ತು ಉತ್ತರದ ಗಾಳಿ ಬೀಸಿದ ಆ ನಾಲ್ಕು ಬೆಳಗುಗಳಲ್ಲಿ ಎಸಿ, ಫ್ಯಾನ್ ಆರಿಸಿ ಕಿಟಕಿ ತೆರೆದಿಡುವುದು.